ಒಂದೇ ಗೋಡೆಯ ಮುಂದೆ ಇಪ್ಪತ್ತು ವರ್ಷ

ನಮ್ಮ ತವರಿನ ದೇವರ ಮನೆಯಲ್ಲಿ ಮೈಸೂರು ಶೈಲಿಯ ಒಂದು ಶ್ರೀರಾಮ ಪಟ್ಟಾಭಿಷೇಕದ ಚಿತ್ರವಿತ್ತು. ಮುತ್ತಜ್ಜ ಮೈಸೂರಿನಿಂದ ಎತ್ತಿನ ಗಾಡಿಯಲ್ಲಿ ತಂದದ್ದಂತೆ. ಮಲೆನಾಡಿನ ಮಳೆ, ಗೋಡೆಯ ತೇವ, ದೀಪದ ಹೊಗೆ ಎಲ್ಲ ಸೇರಿ ಸೀತೆಯ ಮುಖದ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರತೊಡಗಿತ್ತು. 1979ರಲ್ಲಿ ಚಿಕ್ಕಪ್ಪನ ಮದುವೆ ಗೊತ್ತಾಗಿ ಮನೆಗೆ ಸುಣ್ಣಬಣ್ಣ ಆಯಿತು. ಕಿಟಕಿಗೆ ಬಳಿದು ಮಿಕ್ಕ ಎನಾಮೆಲ್ ಪೇಂಟು ಡಬ್ಬಿಯ ತಳದಲ್ಲಿತ್ತು. ಶಾಲೆಯಲ್ಲಿ ಚಿತ್ರ ಬಿಡಿಸುವುದರಲ್ಲಿ ನಾನೇ ಮುಂದು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಕಟ್ಟು ಬಿಚ್ಚಿ, ಗಾಜು ತೆಗೆದು, ಬಿಳಿಗೆ ಹಳದಿ ಬೆರೆಸಿ, ಸೀತೆಗೆ ಹೊಸ ಮುಖ ಬರೆದುಬಿಟ್ಟೆ. ಮನೆಯವರೆಲ್ಲ ಮೆಚ್ಚಿದರು. ಅಜ್ಜಿ ಮಾತ್ರ, "ಚೆನ್ನಾಗಿದೆ ಮಗಾ, ಆದರೆ ಇವಳು ಬೇರೆ ಯಾರೋ" ಎಂದಿದ್ದರು.

ಆ ಚಿತ್ರ ಈಗ ಮುಲುಂಡಿನ ನಮ್ಮ ಫ್ಲ್ಯಾಟಿನಲ್ಲಿದೆ. ಊರ ಮನೆ ಮಾರಿದ ಮೇಲೆ ಅಮ್ಮನೂ ಚಿತ್ರವೂ ಒಟ್ಟಿಗೇ ನನ್ನ ಬಳಿ ಬಂದರು. ಬೆಂಗಳೂರಿನಲ್ಲಿರುವ ತಮ್ಮ ಹೊಸ ಮನೆ ಕಟ್ಟಿಸುತ್ತಿದ್ದಾನೆ. "ಅಕ್ಕ, ದೇವರ ಮನೆಗೆ ಅದೇ ಪಟ ಬೇಕು, ಗೃಹಪ್ರವೇಶದೊಳಗೆ ಹೊಸದರ ಹಾಗೆ ಮಾಡಿಸಿಕೊಡು" ಎಂದ. ಹೊಸದರ ಹಾಗೆ ಎಂದರೆ ಹೇಗೆ ಎಂದು ತಿಳಿಯಲು ಹೋಗಿ, ಕಳೆದೆರಡು ವರ್ಷ ಹಳೆಯ ಚಿತ್ರಗಳ ದುರಸ್ತಿಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಮಗಳು ಇಟಲಿಗೆ ಓದಲು ಹೋದದ್ದರಿಂದ, ಓದಿದ್ದರಲ್ಲಿ ಒಂದನ್ನು ಕಣ್ಣಾರೆ ನೋಡುವ ಅವಕಾಶವೂ ಸಿಕ್ಕಿತು. ವೇದಿಕೆಯ ಗೆಳತಿಯರಿಗೆ ಹೇಳಬೇಕೆನಿಸಿದ್ದು ಅದರ ಕಥೆಯನ್ನೇ: ಮಿಲಾನಿನಲ್ಲಿರುವ ಲಿಯೊನಾರ್ಡೊ ಡ ವಿಂಚಿಯ 'ಕೊನೆಯ ಭೋಜನ'.

ಈ ಚಿತ್ರ ನೀವೆಲ್ಲ ನೋಡಿಯೇ ಇರುತ್ತೀರಿ. ನಮ್ಮ ಪಕ್ಕದ ಮನೆಯ ಮಂಗಳೂರಿನ ಆಂಟಿಯ ಊಟದ ಮೇಜಿನ ಮೇಲೆ ಅದರ ದೊಡ್ಡ ಪ್ರಿಂಟ್ ಇದೆ. ಉದ್ದ ಮೇಜು, ನಡುವೆ ಯೇಸು, ಎರಡೂ ಕಡೆ ಆರಾರು ಶಿಷ್ಯರು. "ನಿಮ್ಮಲ್ಲಿ ಒಬ್ಬ ನನಗೆ ದ್ರೋಹ ಮಾಡುವನು" ಎಂದು ಯೇಸು ಹೇಳಿದ ಗಳಿಗೆ ಅದು. ಆಂಟಿಯ ಮನೆಯ ಪ್ರಿಂಟಿನಲ್ಲಿ ಮೇಜಿನ ಕೆಳಗೆ ಯೇಸುವಿನ ಪಾದಗಳು ಕಾಣುತ್ತವೆ. ಮಿಲಾನಿನ ಮೂಲಚಿತ್ರದಲ್ಲಿ ಪಾದಗಳಿಲ್ಲ. ಆ ಜಾಗದಲ್ಲಿ ಒಂದು ಬಾಗಿಲು! ಈಗ ಅದನ್ನು ಮುಚ್ಚಿದ್ದಾರೆ, ಆದರೆ ಅದರ ಕಮಾನಿನ ಗುರುತು ಮೇಜುಬಟ್ಟೆಯವರೆಗೆ ಚಾಚಿದೆ. 1652ರಲ್ಲಿ ಅಲ್ಲಿನ ಸಂನ್ಯಾಸಿಗಳು ಓಡಾಟಕ್ಕೆ ಅನುಕೂಲವಾಗಲೆಂದು ಚಿತ್ರದ ನಡುಮಧ್ಯಕ್ಕೇ ಬಾಗಿಲು ಕೊರೆಸಿದ್ದರು. ನನ್ನ ಎನಾಮೆಲ್ ಡಬ್ಬಿಯ ಪಾಪ ಅಲ್ಲಿ ನಿಂತಾಗ ಸ್ವಲ್ಪ ಹಗುರವೆನಿಸಿತು ಎಂದರೆ ನಗಬೇಡಿ.

ಚಿತ್ರವಿರುವುದು ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಎಂಬ ಮಠದ ಊಟದ ಮನೆಯಲ್ಲಿ. ಟಿಕೆಟನ್ನು ಮುಂಚಿತವಾಗಿ ಕಾಯ್ದಿರಿಸಬೇಕು. ಸಣ್ಣ ಗುಂಪುಗಳಲ್ಲಿ ಒಳಗೆ ಬಿಡುತ್ತಾರೆ. ಒಂದು ಗಾಜಿನ ಬಾಗಿಲು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುತ್ತದೆ, ಹೊರಗಿನ ಧೂಳು ತೇವ ಒಳಗೆ ಬರಬಾರದೆಂದು. ಒಳಗೆ ಹದಿನೈದು ನಿಮಿಷ, ಅಷ್ಟೇ. ಸುಮಾರು 4.6 ಮೀಟರ್ ಎತ್ತರ, 8.8 ಮೀಟರ್ ಅಗಲದ ಗೋಡೆ. ಮೊದಲ ನೋಟಕ್ಕೆ ನನಗಾದದ್ದು ನಿರಾಸೆ. ಎಲ್ಲ ಮಸುಕು ಮಸುಕು. ಪ್ರಿಂಟಿನಲ್ಲಿರುವ ಹೊಳಪು ಎಲ್ಲಿ? ಐದು ನಿಮಿಷವಾದ ಮೇಲೆ ಕಣ್ಣು ಹೊಂದಿಕೊಂಡಿತು. ಆಗ ಒಂದೊಂದಾಗಿ ಕಾಣತೊಡಗಿದವು: ಮೇಜುಬಟ್ಟೆಯ ನೀಲಿ ಕಸೂತಿ, ತಟ್ಟೆಯ ಲೋಹದಲ್ಲಿ ಪಕ್ಕದ ಬಟ್ಟೆಯ ಬಣ್ಣದ ಪ್ರತಿಫಲನ, ಗಾಜಿನ ಲೋಟದಲ್ಲಿ ಅರ್ಧ ಇರುವ ದ್ರಾಕ್ಷಾರಸ.

ಇದು ಇಷ್ಟು ಹಾಳಾಗಲು ಮೊದಲ ಕಾರಣ ಸ್ವತಃ ಲಿಯೊನಾರ್ಡೊ. ಇಟಲಿಯಲ್ಲಿ ಗೋಡೆಚಿತ್ರವನ್ನು ಹಸಿ ಗಾರೆಯ ಮೇಲೆ ಬರೆಯುವುದು ರೂಢಿ. ನೆಲ ಸಾರಿಸಿ ತೇವ ಆರುವ ಮುಂಚೆ ಹಾಕಿದ ರಂಗೋಲಿ ಹೇಗೆ ನೆಲಕ್ಕೆ ಕಚ್ಚಿಕೊಳ್ಳುತ್ತದೋ, ಹಾಗೆಯೇ ಸುಣ್ಣದ ಗಾರೆ ಒಣಗಿ ಗಟ್ಟಿಯಾಗುವಾಗ ಬಣ್ಣ ಗೋಡೆಯ ಭಾಗವೇ ಆಗಿಬಿಡುತ್ತದೆ. ಆದರೆ ಅದಕ್ಕೆ ಆತುರ ಬೇಕು. ಆ ದಿನ ಮೆತ್ತಿದ ಗಾರೆಯ ಮೇಲಿನ ಚಿತ್ರ ಆ ದಿನವೇ ಮುಗಿಯಬೇಕು. ಲಿಯೊನಾರ್ಡೊಗೆ ಅದು ಒಗ್ಗದ ಸ್ವಭಾವ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಊಟ ಮರೆತು ಬರೆಯುತ್ತಿದ್ದ, ಕೆಲವು ದಿನ ಕೈಕಟ್ಟಿ ನೋಡುತ್ತ ನಿಂತು ಹೋಗಿಬಿಡುತ್ತಿದ್ದ ಎಂದು ಆ ಮಠದಲ್ಲಿ ಚಿಕ್ಕಂದಿನಲ್ಲಿ ಅವನನ್ನು ನೋಡಿದ್ದ ಬಂದೆಲ್ಲೊ ಎಂಬ ಲೇಖಕ ಬರೆದಿಟ್ಟಿದ್ದಾನೆ. ತಿದ್ದಿ ತಿದ್ದಿ ಬರೆಯಲು ಬೇಕಾದ ಬಿಡುವಿಗಾಗಿ ಅವನು ಒಣ ಗೋಡೆಯ ಮೇಲೆ, ಹಲಗೆಯ ಮೇಲೆ ಬರೆದಂತೆ, ಮೊಟ್ಟೆ ಮತ್ತು ಎಣ್ಣೆಯಲ್ಲಿ ಕಲಸಿದ ಬಣ್ಣದಿಂದ ಬರೆದ. ಒಣ ನೆಲದ ರಂಗೋಲಿಯ ಗತಿಯೇ ಆಯಿತು. ಸುಮಾರು 1495ರಲ್ಲಿ ಶುರುವಾದ ಕೆಲಸ 1498ರ ಹೊತ್ತಿಗೆ ಮುಗಿಯಿತು. ಇಪ್ಪತ್ತು ವರ್ಷದಲ್ಲೇ ಬಣ್ಣ ಏಳುತ್ತಿದೆ ಎಂದು ನೋಡಿದವರು ಬರೆದರು. ಉತ್ತರದ ಗೋಡೆ, ಕೆಳಗಿನಿಂದ ಏರುವ ತೇವ. ಮುಂದೆ ನೋಡಿದ ವಸಾರಿಗೆ ಅದೊಂದು ಕಲೆಯಂತೆ ಮಾತ್ರ ಕಂಡಿತು.

ಇನ್ನು ಶುರುವಾಯಿತು ದುರಸ್ತಿಗಾರರ ಸಾಲು. 1726ರಲ್ಲಿ ಬೆಲ್ಲೊತ್ತಿ ಎಂಬಾತ ತನ್ನ ಬಳಿ ಗುಟ್ಟಿನ ವಿದ್ಯೆಯಿದೆ ಎಂದು ಹೇಳಿಕೊಂಡು ಬಂದ. ಗುಟ್ಟು ಏನೆಂದರೆ, ಹಳೆಯದರ ಮೇಲೆ ತಾನೇ ಎಣ್ಣೆಬಣ್ಣದಲ್ಲಿ ಬರೆದು ವಾರ್ನಿಷ್ ಬಳಿಯುವುದು. 1770ರಲ್ಲಿ ಮಾತ್ಸಾ ಎಂಬಾತ ಬಂದು ಬೆಲ್ಲೊತ್ತಿಯ ಬಣ್ಣವನ್ನು ಕೆರೆದು, ಅದರ ಜೊತೆಗೆ ಲಿಯೊನಾರ್ಡೊನ ಬಣ್ಣವನ್ನೂ ಕೆರೆದು, ಖಾಲಿಯಾದಲ್ಲೆಲ್ಲ ತನ್ನದನ್ನು ತುಂಬಿದ. ಊರಿನವರ ಗಲಾಟೆಗೆ ಕೆಲಸ ನಿಂತಾಗ ಬಲತುದಿಯ ಮೂರು ಮುಖ ಮಾತ್ರ ಅವನ ಕೈಗೆ ಸಿಗದೆ ಬಚಾವಾಗಿದ್ದವು. 1796ರಲ್ಲಿ ನೆಪೋಲಿಯನ್ನನ ಸೈನ್ಯ ಆ ಊಟದ ಮನೆಯಲ್ಲಿ ಕುದುರೆ ಕಟ್ಟಿತು. 1821ರಲ್ಲಿ ಬರೆತ್ಸಿ ಎಂಬ ಹೆಸರಾಂತ ಕೆಲಸಗಾರ ಬಂದ. ಹಸಿ ಗಾರೆಯ ಚಿತ್ರಗಳನ್ನು ಗೋಡೆಯಿಂದ ಹಾಳೆಯಂತೆ ಎಬ್ಬಿಸುವುದರಲ್ಲಿ ಅವನು ನಿಪುಣ. ಇದೂ ಹಾಗೆಯೇ ಎಂದುಕೊಂಡು ಎಬ್ಬಿಸಲು ಹೋದ. ಬಣ್ಣ ಚೂರು ಚೂರಾಗಿ ಕೈಗೆ ಬಂತು. ಬಂದದ್ದನ್ನು ಅಂಟು ಹಾಕಿ ಮತ್ತೆ ಮೆತ್ತಿದ.

ಇವರನ್ನೆಲ್ಲ ಬೈಯುವುದು ಸುಲಭ. ನಾನೂ ಓದುತ್ತ ಬೈದೆ. ಆದರೆ ಒಬ್ಬನೂ ಹಾಳು ಮಾಡಬೇಕೆಂದು ಬಂದವನಲ್ಲ. ಚಿತ್ರ ಎಂದರೆ ಪೂರ್ತಿ ಇರಬೇಕು, ಮುಕ್ಕಾಗಿದ್ದರೆ ತುಂಬಬೇಕು ಎಂಬುದು ಆ ಕಾಲದ ನಂಬಿಕೆ. ನಮ್ಮಲ್ಲೂ ಜೀರ್ಣೋದ್ಧಾರ ಎಂಬ ಒಂದೇ ಪದದಲ್ಲಿ ಎಲ್ಲವೂ ಅಡಗಿದೆಯಲ್ಲ. ಹಳೆಯ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿದು, ಗರ್ಭಗುಡಿಯ ಮುಂದೆ ಬಚ್ಚಲುಮನೆಯ ಟೈಲ್ಸ್ ಹಾಕಿಸಿ, ಹಾಕಿಸಿದವರ ಹೆಸರಿನ ಫಲಕ ನಿಲ್ಲಿಸುವುದೂ ಜೀರ್ಣೋದ್ಧಾರವೇ.

1943ರ ಆಗಸ್ಟಿನಲ್ಲಿ ಮಿಲಾನಿನ ಮೇಲೆ ಬಾಂಬು ಬಿತ್ತು. ಊಟದ ಮನೆಯ ಛಾವಣಿಯೂ ಒಂದು ಪಕ್ಕದ ಗೋಡೆಯೂ ನೆಲಸಮ. ಚಿತ್ರದ ಗೋಡೆಗೆ ಮರಳಿನ ಮೂಟೆ ಒಟ್ಟಿದ್ದರಿಂದ ಅದು ಮಾತ್ರ ನಿಂತಿತು. ಯುದ್ಧ ಮುಗಿದ ಮೇಲೆ, 1947ರಲ್ಲಿ ಪೆಲ್ಲಿಚ್ಚೊಲಿ ಎಂಬ ಸಂರಕ್ಷಕ ಏಳುತ್ತಿದ್ದ ಬಣ್ಣವನ್ನು ಗೋಡೆಗೆ ಹಿಡಿಸಲು ಬಳಸಿದ್ದು ಏನು ಗೊತ್ತೇ? ಶೆಲ್ಯಾಕ್. ನಮ್ಮ ಮಹಾಭಾರತದ ಅರಗಿನ ಮನೆಯ ಅರಗನ್ನು ಶುದ್ಧ ಮಾಡಿದರೆ ಅದೇ.

ಅರಗಿನ ವಿಷಯ ಬಂದದ್ದರಿಂದ ಒಂದು ಗಳಿಗೆ ನಮ್ಮ ಮಹಾರಾಷ್ಟ್ರಕ್ಕೇ ಬರುತ್ತೇನೆ. ನಮ್ಮ ಸಂಘದ ಪ್ರವಾಸದಲ್ಲಿ ಅಜಂತಾಕ್ಕೆ ಹೋಗಿದ್ದು ಹಲವರಿಗೆ ನೆನಪಿರಬಹುದು. ಅಲ್ಲಿನ ಕೆಲವು ಚಿತ್ರಗಳು ಏಕೆ ಜೇನಿನ ಬಣ್ಣಕ್ಕೆ ತಿರುಗಿವೆ ಎಂದು ನಾವು ಕೇಳಿದ್ದೆವು, ಗೈಡ್ ಹಾರಿಕೆಯ ಉತ್ತರ ಕೊಟ್ಟಿದ್ದ. ಅಜಂತಾ ಆಗ ಹೈದರಾಬಾದಿನ ನಿಜಾಮರ ರಾಜ್ಯದಲ್ಲಿತ್ತು. 1920ರಿಂದ 1922ರ ನಡುವೆ ನಿಜಾಮರ ಸರ್ಕಾರ ಚೆಕ್ಕೋನಿ ಮತ್ತು ಒರ್ಸೀನಿ ಎಂಬ ಇಬ್ಬರು ಇಟಲಿಯ ತಜ್ಞರನ್ನು ಕರೆಸಿತು. ಉದುರುತ್ತಿದ್ದ ಗಾರೆಯನ್ನು ಅವರು ಗೋಡೆಗೆ ಮತ್ತೆ ಹಿಡಿಸಿ ನಿಲ್ಲಿಸಿದ್ದು ದೊಡ್ಡ ಉಪಕಾರ. ಆದರೆ ಮೇಲೆ ಬಳಿದ ಅರಗಿನ ವಾರ್ನಿಷ್ ವರ್ಷ ಕಳೆದಂತೆ ಹಳದಿಗಟ್ಟಿತು, ಧೂಳನ್ನೂ ಹೊಗೆಯನ್ನೂ ಹಿಡಿದುಕೊಂಡಿತು. ಅದನ್ನು ನಯವಾಗಿ ತೆಗೆಯುವ ಕೆಲಸವನ್ನು ನಮ್ಮ ಪುರಾತತ್ವ ಇಲಾಖೆಯ ರಸಾಯನಶಾಸ್ತ್ರಜ್ಞರು ಮುಂದೆ ಮಾಡಬೇಕಾಯಿತು. ಒಬ್ಬರ ಒಳ್ಳೆಯ ಕೆಲಸ ಮುಂದಿನವರಿಗೆ ಕಠಿಣ ಕೆಲಸ. ಮಿಲಾನಿನಲ್ಲೂ ಅದೇ ನಡೆಯಿತು.

ಅಲ್ಲಿ ಆ ಮುಂದಿನವರು ಒಬ್ಬ ಹೆಂಗಸು. ಪಿನಿನ್ ಬ್ರಂಬಿಲ್ಲಾ ಬಾರ್ಚಿಲೋನ್. 1925ರಲ್ಲಿ ಹುಟ್ಟಿದವರು. 1970ರ ದಶಕದ ಕೊನೆಯಲ್ಲಿ ಈ ಕೆಲಸ ಕೈಗೆತ್ತಿಕೊಂಡಾಗ ಅವರಿಗೆ ಐವತ್ತು ದಾಟಿತ್ತು. ಮುಗಿದು ಬಾಗಿಲು ತೆರೆದದ್ದು 1999ರ ಮೇ ತಿಂಗಳಲ್ಲಿ, ಎಪ್ಪತ್ತು ದಾಟಿದ ಮೇಲೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಗೋಡೆ! ಲಿಯೊನಾರ್ಡೊ ಬರೆಯಲು ತೆಗೆದುಕೊಂಡದ್ದು ಮೂರು ವರ್ಷ ಚಿಲ್ಲರೆ.

ಕೆಲಸದ ರೀತಿ ಕೇಳಿದರೆ ಅಕ್ಕಿ ಆರಿಸುವ ನಮಗೂ ತಾಳ್ಮೆ ಕಡಿಮೆ ಎನಿಸೀತು. ಅಟ್ಟಣಿಗೆಯ ಮೇಲೆ ಸೂಕ್ಷ್ಮದರ್ಶಕ. ಅದರಲ್ಲಿ ಬಣ್ಣದ ಪದರಗಳನ್ನು ನೋಡಿ, ಯಾವುದು ಲಿಯೊನಾರ್ಡೊನದು, ಯಾವುದು ಮಾತ್ಸಾನದು, ಯಾವುದು ಅಂಟು, ಯಾವುದು ಅರಗು, ಯಾವುದು ಬರೀ ಮಸಿ ಎಂದು ಬೇರ್ಪಡಿಸಬೇಕು. ತೆಳು ಜಪಾನಿ ಕಾಗದದ ಚೂರನ್ನು ದ್ರಾವಕದಲ್ಲಿ ಅದ್ದಿ ಒಂದು ಪುಟ್ಟ ಜಾಗದ ಮೇಲೆ ಇಟ್ಟು, ಮೇಲಿನ ಪದರ ಮೆತ್ತಗಾದಾಗ ತೆಗೆಯಬೇಕು. ಕೆಲವೆಡೆ ಶಸ್ತ್ರಚಿಕಿತ್ಸೆಯ ಚೂರಿಯಿಂದ ಎಬ್ಬಿಸಬೇಕು. ಒಂದು ದಿನದ ಕೆಲಸ ಎಷ್ಟೋ ಸಲ ಒಂದು ಅಂಚೆಚೀಟಿಯಷ್ಟು ಜಾಗ. ಗೋಡೆಯ ಸ್ಥಿತಿ ಒಂದೊಂದು ಅಂಗುಲಕ್ಕೂ ಬೇರೆ. ನಡುನಡುವೆ ಹಣದ, ಯಂತ್ರದ, ಪರೀಕ್ಷೆಗಳ ಕಾರಣಕ್ಕೆ ನಿಂತು ನಿಂತು ಸಾಗಿದ ಕೆಲಸ.

ಮಸಿ ಹೋದಂತೆ ಬಂದದ್ದು ಬೆಳಕು. ಕಂದು ಎಂದುಕೊಂಡಿದ್ದ ಉಡುಪುಗಳಲ್ಲಿ ನೀಲಿ, ಕೆಂಪು, ಹಸಿರು ಕಂಡವು. ಪಕ್ಕದ ಗೋಡೆಗೆ ತೂಗುಹಾಕಿದ ಜಮಖಾನೆಗಳಲ್ಲಿ ಹೂವಿನ ಚಿತ್ತಾರ ಕಂಡಿತು. ತಟ್ಟೆಯಲ್ಲಿ ಮೀನಿನ ತುಂಡು, ಜೊತೆಗೆ ಕಿತ್ತಳೆಯ ಹೋಳು! ಮುಖಗಳು ಬದಲಾದವು ಎನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಹಿಂದಿನವರು ಗಡ್ಡ ದಪ್ಪ ಮಾಡಿ, ಕಣ್ಣಿಗೆ ಗೆರೆ ಎಳೆದು ಮುಖಗಳನ್ನು ಬಿಗಿದುಬಿಟ್ಟಿದ್ದರು. ಅದನ್ನು ಬಿಡಿಸಿದಾಗ ಯೇಸುವಿನ ತುಟಿ ಸ್ವಲ್ಪ ತೆರೆದಿದ್ದುದು ಕಂಡಿತು. ಮಾತು ಈಗಷ್ಟೇ ಆಡಿದಂತೆ.

ಆದರೆ ಎಲ್ಲ ಕಡೆ ಕೆಳಗೆ ಲಿಯೊನಾರ್ಡೊ ಸಿಗಲಿಲ್ಲ. ಮೇಲಿನದನ್ನು ತೆಗೆದರೆ ಬರೀ ಗೋಡೆ. ಏನು ಮಾಡುವುದು? ಇದಕ್ಕೆ ಇಟಲಿಯಲ್ಲಿ ಆಗಲೇ ಒಂದು ಉತ್ತರ ತಯಾರಿತ್ತು. 1939ರಲ್ಲಿ ರೋಮಿನಲ್ಲಿ ಚಿತ್ರಸಂರಕ್ಷಣೆಯ ಕೇಂದ್ರ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕ ಚೇಸರೆ ಬ್ರಾಂದಿ. ಅವರ ಮಾತಿನ ಸಾರ ಇಷ್ಟು: ದೂರದಿಂದ ನೋಡಿದಾಗ ಖಾಲಿ ಜಾಗ ಕಣ್ಣಿಗೆ ಚುಚ್ಚಬಾರದು, ಹತ್ತಿರ ಹೋದಾಗ ಇದು ಈಗಿನವರು ತುಂಬಿದ್ದು ಎಂದು ಗೊತ್ತಾಗಲೇಬೇಕು, ನಾಳೆ ಬೇಡವೆಂದರೆ ಮೂಲಕ್ಕೆ ನೋವಾಗದೆ ತೆಗೆಯಲು ಬರಬೇಕು. ಅದಕ್ಕಾಗಿ ಅವರು ರೂಢಿಗೆ ತಂದದ್ದು ನೀರುಬಣ್ಣದಲ್ಲಿ ಸಣ್ಣ ಸಣ್ಣ ನಿಲುಗೆರೆಗಳನ್ನು ಎಳೆಯುವ ಪದ್ಧತಿ. ಗೆರೆಗಳು ದೂರಕ್ಕೆ ಒಂದಾಗಿ ಬಣ್ಣವೆನಿಸುತ್ತವೆ, ಹತ್ತಿರಕ್ಕೆ ಗೆರೆಯೇ. ಬ್ರಂಬಿಲ್ಲಾ ಖಾಲಿ ಜಾಗಗಳಿಗೆ ತುಂಬಿದ್ದೂ ನೀರುಬಣ್ಣವೇ, ತಗ್ಗಿದ ಛಾಯೆಯಲ್ಲಿ. ಕಣ್ಣು ಮೂಗು ಕಲ್ಪಿಸಿ ಬರೆಯಲಿಲ್ಲ. ನನಗೆ ಮೊದಲು ಮಸುಕಾಗಿ ಕಂಡದ್ದು ಆ ಸಂಯಮವೇ.

ಎಲ್ಲರೂ ಒಪ್ಪಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಜೇಮ್ಸ್ ಬೆಕ್ ಕಟುವಾಗಿ ಟೀಕಿಸಿದರು. ಉಳಿದಿರುವ ಲಿಯೊನಾರ್ಡೊ ಇಷ್ಟು ಕಡಿಮೆ ಇರುವಾಗ, ಶತಮಾನಗಳ ಕಾಲ ಜನ ನೋಡಿ ಪ್ರೀತಿಸಿದ ಚಿತ್ರವನ್ನೇ ಅಳಿಸಿ, ಈ ಕಾಲದ ತೇಪೆ ಹಾಕಿದಂತಾಗಲಿಲ್ಲವೇ ಎಂಬುದು ಟೀಕಾಕಾರರ ಪ್ರಶ್ನೆ. ನನಗೆ ಈ ಪ್ರಶ್ನೆ ತಳ್ಳಿಹಾಕುವಂಥದ್ದು ಅನಿಸುವುದಿಲ್ಲ. ಆದರೂ ಆ ತೆರೆದ ತುಟಿಯನ್ನು ನೋಡಿದ ಮೇಲೆ ನಾನು ಬ್ರಂಬಿಲ್ಲಾ ಅವರ ಪಕ್ಷ. ಅವರು 2020ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಖಾಲಿಯನ್ನು ಖಾಲಿಯೆಂದೇ ಒಪ್ಪಿಕೊಂಡ ಇನ್ನೊಂದು ಕೆಲಸ ಫ್ಲಾರೆನ್ಸಿನಲ್ಲಿದೆ. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಊರೊಳಗೆ ನುಗ್ಗಿತು. ಸಾಂತಾ ಕ್ರೋಚೆ ಮಠದಲ್ಲಿದ್ದ, ಏಳು ನೂರು ವರ್ಷ ಹಳೆಯ ಚಿಮಬೂಯೆಯ ದೊಡ್ಡ ಶಿಲುಬೆಚಿತ್ರ ಕೆಸರಿನಲ್ಲಿ ಮುಳುಗಿ ಅರ್ಧಕ್ಕಿಂತ ಹೆಚ್ಚು ಬಣ್ಣ ಕಳೆದುಕೊಂಡಿತು. ಉಂಬೆರ್ತೊ ಬಾಲ್ದೀನಿ ಮತ್ತು ಒರ್ನೆಲ್ಲಾ ಕಸಾತ್ಸಾ ಅದನ್ನು ಮತ್ತೆ ನಿಲ್ಲಿಸಿದರು. ಹೋದ ಭಾಗದಲ್ಲಿ ಉಳಿದ ಬಣ್ಣಗಳನ್ನೇ ಬೆರೆಸಿದ ಸಣ್ಣ ಗೆರೆಗಳ ಬಲೆ, ಅಷ್ಟೇ. ಮುಖದ ಒಂದು ಪಾಲು ಇಲ್ಲವೆಂದರೆ ಇಲ್ಲ. ಮಗಳ ಜೊತೆ ಅದನ್ನೂ ನೋಡಿದೆ. ಅದರ ಮುಂದೆ ಒಬ್ಬ ಮುದುಕಿ ಮೊಣಕಾಲೂರಿ ಕುಳಿತಿದ್ದಳು. ಮುಕ್ಕಾಗಿದೆ ಎಂದು ಅವಳಿಗೇನೂ ಅಡ್ಡಿಯಾಗಿರಲಿಲ್ಲ.

ಇನ್ನೊಂದು ಕಥೆಯನ್ನು ಬಿಟ್ಟರೆ ನನಗೆ ನ್ಯಾಯವಾಗದು. 2012ರಲ್ಲಿ ಸ್ಪೇನಿನ ಬೊರ್ಹಾ ಎಂಬ ಊರಿನ ಒಂದು ಚಿತ್ರ ವಾಟ್ಸಾಪ್, ಫೇಸ್‌ಬುಕ್ ಎಲ್ಲ ಕಡೆ ಓಡಾಡಿತ್ತು. ಗೋಡೆಯ ತೇವಕ್ಕೆ ಉದುರುತ್ತಿದ್ದ ಯೇಸುವಿನ ಮುಖವನ್ನು ಎಂಬತ್ತು ದಾಟಿದ ಸೆಸಿಲಿಯಾ ಹಿಮೆನೆಸ್ ಎಂಬ ಭಕ್ತೆ ತಾನೇ ಸರಿಮಾಡಲು ಹೋಗಿ, ಕೋತಿಯ ಮುಖದಂತಾಗಿತ್ತು. ಅದು ಪುರಾತನ ಚಿತ್ರವೇನಲ್ಲ, ಇಪ್ಪತ್ತನೆಯ ಶತಮಾನದ್ದೇ. ಜಗತ್ತೆಲ್ಲ ನಕ್ಕಿತು. ಫಾರ್ವರ್ಡ್ ಮಾಡಿದವರಲ್ಲಿ ನಾನೂ ಒಬ್ಬಳು. ಆಮೇಲೆ ಅದನ್ನು ನೋಡಲೆಂದೇ ಜನ ಸಾವಿರ ಸಾವಿರ ಬಂದರು, ಟಿಕೆಟ್ಟಿನ ದುಡ್ಡು ಆ ಊರಿನ ವೃದ್ಧಾಶ್ರಮಕ್ಕೆ ಆಸರೆಯಾಯಿತು. ಈಗ ನಗು ಬರುವುದಿಲ್ಲ. ನನಗೂ ಅವರಿಗೂ ಇರುವ ವ್ಯತ್ಯಾಸ, ನನ್ನ ಕೈಯಲ್ಲಿ ಎನಾಮೆಲ್ ಇದ್ದಾಗ ಮನೆಯಲ್ಲಿ ಫೋನಿರಲಿಲ್ಲ ಎಂಬುದಷ್ಟೇ.

ಕಳೆದ ಶ್ರಾವಣದಲ್ಲಿ ಮುಂಬೈಯ ಒಬ್ಬ ಸಂರಕ್ಷಕಿಯ ಬಳಿಗೆ ನಮ್ಮ ಪಟ್ಟಾಭಿಷೇಕವನ್ನು ಒಯ್ದೆ. ಮಗಳ ವಯಸ್ಸಿನವಳು. ದೀಪವನ್ನು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಇದು ಯಾರು ಮಾಡಿದ್ದು ಎಂದು ಕೇಳಿದಳು. ನಾನೇ ಎಂದೆ. ನಗಲಿಲ್ಲ, ಬರೆದುಕೊಂಡಳು. ಚಿನ್ನದ ಹಾಳೆ, ಉಬ್ಬುಕೆಲಸ, ರಾಮನ ಮೈಬಣ್ಣ ಎಲ್ಲ ಉಳಿಸಬಹುದು. ತೇವ ತಿಂದ ಅಂಚನ್ನು ನಿಲ್ಲಿಸಬಹುದು. ಸೀತೆಯ ವಿಷಯದಲ್ಲಿ ಮಾತ್ರ, ಎನಾಮೆಲ್ ಕೆಳಗೆ ಒಂದು ಕಣ್ಣೂ ಮೂಗುಬೊಟ್ಟಿನ ಗುರುತೂ ಇರುವಂತಿದೆ, ಉಳಿದದ್ದು ಇಲ್ಲ. ತೆಗೆಯುವಾಗ ಅದೂ ಹೋದರೆ ಹೋಯಿತು. ಹೋದ ಜಾಗಕ್ಕೆ ತಿಳಿ ಛಾಯೆ ಕೊಡುತ್ತೇನೆ, ಮುಖ ಬರೆಯುವುದಿಲ್ಲ ಎಂದಳು.

ತಮ್ಮನಿಗೆ ಫೋನು ಮಾಡಿದೆ. "ಅಕ್ಕ, ಅರ್ಧ ಮುಖದ ಸೀತಮ್ಮನ್ನ ದೇವರ ಮನೇಲಿ ಇಡೋಕಾಗುತ್ತಾ? ಭಿನ್ನವಾದದ್ದಕ್ಕೆ ಪೂಜೆ ಇಲ್ಲ ಅಂತಾರಲ್ಲ" ಎಂದ. ಅವನ ಮಾತೂ ತಪ್ಪಲ್ಲ. ಮ್ಯೂಸಿಯಮ್ಮಿನ ಗೋಡೆ ಬೇರೆ, ದೇವರ ಮನೆಯ ಗೋಡೆ ಬೇರೆ. ಅಮ್ಮ ಅಲ್ಲೇ ಕುಳಿತು ಹೂಬತ್ತಿ ಮಾಡುತ್ತಿದ್ದರು. ಫೋನಿಟ್ಟ ಮೇಲೆ, "ಯಾವ ಮುಖ ತೆಗೀತಾರಂತೆ?" ಎಂದರು. ನಾನು ಬರೆದದ್ದನ್ನು ಎಂದೆ. "ನಿನ್ನ ಅಜ್ಜಿಗೆ ಅವಳು ಬೇರೆ ಯಾರೋ ಆಗಿದ್ದಿರಬಹುದು. ನಾನು ಇಷ್ಟು ವರ್ಷ ಕೈಮುಗಿದಿದ್ದು ಇವಳಿಗೇ ಅಲ್ವೇನೇ" ಎಂದರು.

ಇದನ್ನು ನಾನು ಎಲ್ಲೂ ಓದಿರಲಿಲ್ಲ.

ಸದ್ಯಕ್ಕೆ ಅಂಚಿನ ಕೆಲಸ, ಚಿನ್ನದ ಕೆಲಸ ಮಾತ್ರ ಮಾಡಲು ಹೇಳಿದ್ದೇನೆ. ಒಂದೊಂದು ಹಂತಕ್ಕೂ ಫೋಟೋ ತೆಗೆದು ಕಳಿಸುತ್ತಾಳೆ ಆ ಹುಡುಗಿ. ಒಪ್ಪಿಗೆಯ ಕಾಗದದಲ್ಲಿ ಸೀತೆಯ ಮುಖ ಎಂಬ ಸಾಲಿನ ಎದುರು ಇನ್ನೂ ಏನೂ ಬರೆದಿಲ್ಲ. ತಮ್ಮನ ಗೃಹಪ್ರವೇಶ ಮಾಘದಲ್ಲಿ. ಅಷ್ಟರೊಳಗೆ ಅಮ್ಮನನ್ನು ಒಮ್ಮೆ ಆ ದೀಪದ ಕೆಳಗೆ ಕೂರಿಸಿ, ಒಳಗಿರುವ ಆ ಒಂದು ಕಣ್ಣನ್ನು ತೋರಿಸಬೇಕೆಂದಿದ್ದೇನೆ.